ಉಂಗುರ ಬಿಚ್ಚಿಟ್ಟು ಹಚ್ಚುವ ಕ್ರೀಮು

ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆ ಬಿಚ್ಚುವ ದಿನ ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಸಣ್ಣ ಹಬ್ಬ. ಖರ್ಜೂರ, ಅತ್ತರು, ಚಾಕಲೇಟು, ಹಾಲಿನ ಪುಡಿಯ ನಡುವೆ ಒಮ್ಮೊಮ್ಮೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಡಬ್ಬಿಯೊಂದು ಹೊರಬರುತ್ತದೆ. ಮುಖ ಬೆಳ್ಳಗಾಗುವ ಕ್ರೀಮು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಡಬ್ಬಿಯ ಮೇಲಿನ ಬರಹ ಹಲವು ಸಲ ಆ ಏಳರಲ್ಲಿ ಯಾವುದಕ್ಕೂ ಸೇರಿದ್ದಲ್ಲ.

ಇಂಥ ಕೆಲವು ಡಬ್ಬಿಗಳ ಮೇಲೆ ವಿಚಿತ್ರ ಸೂಚನೆಯೊಂದಿರುತ್ತದೆ: ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ. ಮುಖಕ್ಕೆ ಹಚ್ಚುವ ಕ್ರೀಮಿಗೂ ಬೆರಳಿನ ಉಂಗುರಕ್ಕೂ ಏನು ಸಂಬಂಧ? ಚಿನ್ನದ ಕೆಲಸದ ಆಚಾರಿಯನ್ನು ಕೇಳಿದರೆ ಗೊತ್ತಾದೀತು. ಪಾದರಸ ಸೋಕಿದ ಚಿನ್ನ ಹಳದಿ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಈ ಸೂಚನೆ ಕಂಡರೆ ಒಳಗೆ ಪಾದರಸವಿದೆಯೆಂದು ಶಂಕಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಒಳಗೇನಿದೆ ಎಂಬುದನ್ನು ಮುಚ್ಚಿಡುವ ತಯಾರಕನಿಗೆ ಗಿರಾಕಿಯ ಆಭರಣದ ಮೇಲೆ ಎಷ್ಟು ಕಾಳಜಿ!

ಪಾದರಸದ ಕ್ರೀಮು ಕೆಲಸ ಮಾಡುತ್ತದೆ, ಅದೂ ಬೇಗ. ಚರ್ಮದ ಬಣ್ಣಕ್ಕೆ ಕಾರಣ ಮೆಲನಿನ್. ಅದನ್ನು ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವಕ್ಕೆ ತಾಮ್ರ ಬೇಕು. ಪಾದರಸದ ಲವಣ ನಡುವೆ ನುಗ್ಗಿ ಆ ಕಿಣ್ವದ ಕೈ ಕಟ್ಟುತ್ತದೆ. ಹಚ್ಚುವುದು ನಿಲ್ಲಿಸಿದರೆ ಬಣ್ಣ ಮತ್ತೆ ಮೊದಲಿನಂತೆ; ಹಾಗಾಗಿ ನಿಲ್ಲಿಸುವವರು ಕಡಿಮೆ. ಇತ್ತ ರೋಮದ ಬುಡ, ಬೆವರಿನ ಗ್ರಂಥಿಗಳ ದಾರಿಯಾಗಿ ಒಳಗಿಳಿದ ಪಾದರಸ ಹೋಗಿ ಕೂರುವುದು ಮೂತ್ರಪಿಂಡದಲ್ಲಿ.

ಮಂಜೇಶ್ವರದಲ್ಲಿ ಕೇರಳಕ್ಕೆ ಕಾಲಿಡುವ ಹೆದ್ದಾರಿ 66 ದಕ್ಷಿಣಕ್ಕೆ ಸಾಗಿ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ ಮುಟ್ಟುತ್ತದೆ. ಅಲ್ಲಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಮೂತ್ರಪಿಂಡ ತಜ್ಞರಾದ ಡಾ. ಸಜೀಶ್ ಶಿವದಾಸ್ ಮತ್ತು ಡಾ. ರಂಜಿತ್ ನಾರಾಯಣನ್ ಅವರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಯದು ನೆಲ್-1 ಎಂಬ ಪ್ರೋಟೀನಿಗೆ ಸಂಬಂಧಿಸಿದ, ಅಪರೂಪದ ಬಗೆ. ವಿಚಾರಿಸಿದಾಗ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದುದನ್ನು ಒಪ್ಪಿಕೊಂಡರು.

ಈ ಕಾಯಿಲೆ ತಿಳಿಯಲು ತೆಂಗಿನಹಾಲು ಸೋಸುವ ಬಟ್ಟೆಯನ್ನು ನೆನೆದರೆ ಸಾಕು. ನೇಯ್ಗೆ ಬಿಗಿಯಾಗಿದ್ದರೆ ಚರಟ ಮೇಲೆ ಉಳಿಯುತ್ತದೆ, ಹಾಲು ಇಳಿಯುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಇಂಥ ಸುಮಾರು ಹತ್ತು ಲಕ್ಷ ಸೋಸುಗಗಳಿವೆ. ಅವುಗಳ ಪೊರೆ ಹಾಳಾದರೆ ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಮೂತ್ರ ಸಾಬೂನು ಕದಡಿದಂತೆ ನೊರೆಯಾಗುತ್ತದೆ. ರಕ್ತದಲ್ಲಿ ನೀರನ್ನು ಹಿಡಿದಿಡುವ ಪ್ರೋಟೀನೇ ಕಡಿಮೆಯಾದಾಗ ಕಾಲು ಊದುತ್ತದೆ; ಹೆಬ್ಬೆರಳಲ್ಲಿ ಒತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತದೆ. ಮುಖಕ್ಕೆ ಹಚ್ಚಿದ್ದರ ಫಲ ಕಾಲಿನಲ್ಲಿ ಕಂಡರೆ ಯಾರಿಗೆ ತಾನೇ ಹೊಳೆದೀತು? ಕ್ರೀಮು ಬಿಟ್ಟ ಮೇಲೆ ಆ ರೋಗಿಗಳಲ್ಲಿ ಹೆಚ್ಚಿನವರು ಚೇತರಿಸಿಕೊಂಡರು.

ಭಾರತದ ನಿಯಮದಂತೆ ಇಂಥ ಕ್ರೀಮಿನಲ್ಲಿ ಪಾದರಸ ಬೆರೆಸುವಂತಿಲ್ಲ. ಅರಿಯದೆ ಸೇರಿದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 32 ಕ್ರೀಮುಗಳ ಪೈಕಿ 14ರಲ್ಲಿ ಪಾದರಸವಿತ್ತು, ಆದರೆ ಅತಿ ಹೆಚ್ಚೆಂದರೆ ಎರಡು ಪಾಲು. ಕೇರಳದ ಔಷಧ ನಿಯಂತ್ರಣ ಇಲಾಖೆಯ ‘ಆಪರೇಷನ್ ಸೌಂದರ್ಯ’ ತಪಾಸಣೆಯಲ್ಲಿ ಸಿಕ್ಕ ಸರಕಿನ ಕಥೆ ಬೇರೆ. ಮಿತಿಯ 12,000 ಪಟ್ಟು ಪಾದರಸ ಸಿಕ್ಕಿದೆಯೆಂದು 2025ರ ಜನವರಿಯಲ್ಲಿ ಆರೋಗ್ಯ ಸಚಿವೆ ವೀಣಾ ಜಾರ್ಜ್ ತಿಳಿಸಿದರು. ಲೆಕ್ಕ ಹಾಕಿದರೆ 25 ಗ್ರಾಂ ಡಬ್ಬಿಯಲ್ಲಿ 0.3 ಗ್ರಾಂ, ಎರಡು ಮೂರು ಡಬ್ಬಿ ಸೇರಿದರೆ ಹಳೆಯ ಜ್ವರದ ಥರ್ಮಾಮೀಟರಿನೊಳಗಿನಷ್ಟು.

ಹಚ್ಚಿದವರಿಗೆ ಮಾತ್ರ ಅಪಾಯ ಎನ್ನುವಂತಿಲ್ಲ. ಅದೇ ಬೈರಾಸಿನಲ್ಲಿ ಮುಖ ಒರೆಸಿಕೊಂಡ ಮಗುವಿನ ಮೈಗೂ ಪಾದರಸ ತಲುಪುತ್ತದೆ.

ನಿಯಮ ಪಾಲಿಸಿ ಆಮದಾದ ಡಬ್ಬಿಯ ಮೇಲೆ ನೋಂದಣಿ ಪ್ರಮಾಣಪತ್ರದ ಸಂಖ್ಯೆ, ಆಮದುದಾರರ ಹೆಸರು, ವಿಳಾಸ ಇರಲೇಬೇಕು. ಪೆಟ್ಟಿಗೆಯಲ್ಲಿ ಬಂದದ್ದರಲ್ಲಿ ಅದನ್ನು ಹುಡುಕಿ ಫಲವಿಲ್ಲ. ಅನುಮಾನ ಬಂದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಔಷಧ ನಿಯಂತ್ರಣ ಇಲಾಖೆಯವರನ್ನು ವಿಚಾರಿಸಬೇಕು. ಹಿತ್ತಿಲಲ್ಲಿ ಒಣ ಮಡಲಿನ ಜೊತೆ ಬೆಂಕಿಗೆ ಹಾಕಿದರೆ ಪಾದರಸ ಆವಿಯಾಗಿ, ಹೊಗೆಯೊಡನೆ ಮನೆಯವರ ಉಸಿರಿಗೇ ಬರುತ್ತದೆ.