ಸಾನ್ ಡೂಂಗ್: ಹೆಜ್ಜೆಯೂರದೆ ಹೊಕ್ಕ ಗವಿ

ವಿಆರ್ ಹೆಡ್‌ಸೆಟ್ ತೊಟ್ಟ ಕೂಡಲೇ ಸುತ್ತ ಕಗ್ಗತ್ತಲು. ಕತ್ತೆತ್ತಿದರೆ ಮೇಲೆ, ಬಲು ಮೇಲೆ, ಚಾವಣಿ ಕುಸಿದ ಕಡೆಯಿಂದ ಬಿಸಿಲು ಓರೆಯಾಗಿ ಇಳಿಯುತ್ತಿದೆ. ಬಿದ್ದಲ್ಲೆಲ್ಲ ಹಸಿರು: ಪಾಚಿ, ಜರೀಗಿಡ, ಆಚೆಗೆ ನೆಟ್ಟಗೆ ನಿಂತ ಮರಗಳು. ಗವಿಯ ಹೊಟ್ಟೆಯಲ್ಲೊಂದು ಕಾಡು! ಬಂಡೆಯ ನೆತ್ತಿಯಲ್ಲಿ ಮಿಣುಕುಹುಳುವಿನಂಥ ಚುಕ್ಕೆ. ದಿಟ್ಟಿಸಿದರೆ, ದೀಪ ಹಿಡಿದು ನಿಂತ ಮನುಷ್ಯ. ಗವಿಯ ಅಗಾಧತೆ ಮನಸ್ಸಿಗಿಳಿಯುವುದೇ ಆಗ.

ಇದು ಮಧ್ಯ ವಿಯೆಟ್ನಾಂನ ಸಾನ್ ಡೂಂಗ್. ಕೆಲವೆಡೆ 200 ಮೀಟರ್ ಎತ್ತರ, 150 ಮೀಟರ್ ಅಗಲ. ಸ್ಥಳೀಯರಾದ ಹೋ ಖಾನ್ 1990ರ ಹೊತ್ತಿಗೆ ಇದರ ಬಾಯಿಯನ್ನು ಕಂಡಿದ್ದರು. ದಟ್ಟ ಕಾಡಿನಲ್ಲಿ ಮತ್ತೆ ಅದನ್ನು ಪತ್ತೆಹಚ್ಚಲು ವರ್ಷಗಳೇ ಬೇಕಾದವು. 2009ರಲ್ಲಿ ಬ್ರಿಟಿಷ್ ಗವಿಶೋಧಕರಿಗೆ ದಾರಿ ತೋರಿದವರೂ ಅವರೇ.

2014ರಲ್ಲಿ ಇಲ್ಲಿಗೆ ಕೇಬಲ್ ಕಾರ್ ತರುವ ಯೋಜನೆ ಹೊರಬಿತ್ತು, ವಿರೋಧವೂ ಎದ್ದಿತು. ಮರುವರ್ಷ ಸ್ವೀಡನ್ನಿನ ಛಾಯಾಗ್ರಾಹಕ ಮಾರ್ಟಿನ್ ಎಡ್‌ಸ್ಟ್ರೋಮ್ ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಗವಿಯನ್ನು 360 ಡಿಗ್ರಿ ಚಿತ್ರಗಳಲ್ಲಿ ತೆರೆದಿಟ್ಟರು. ಕಳೆದುಕೊಳ್ಳಬಹುದಾದದ್ದು ಏನೆಂಬುದು ಅಲ್ಲಿಗೆ ಎಂದೂ ಹೋಗದವರಿಗೂ ಕಣ್ಣಾರೆ ಕಂಡಿತು. ಕೇಬಲ್ ಕಾರ್ ಇನ್ನೂ ಬಂದಿಲ್ಲ.

ಗವಿಯೊಳಗೆ ಒಂದೆಡೆ ಬತ್ತಿದ ಕೊಳದ ತಳದಲ್ಲಿ ಗವಿಮುತ್ತುಗಳು ಹರಡಿವೆ. ಮೇಲಿನಿಂದ ಹನಿಯುವ ನೀರಿಗೆ ಮರಳಿನ ಕಣ ಹೊರಳಿ ಹೊರಳಿ, ಸುಣ್ಣದ ಪದರ ಪದರವಾಗಿ ಕಟ್ಟಿಕೊಂಡು ಉರುಟಾದ ಕಲ್ಲುಗಳಿವು. ನೂರಾರು ವರ್ಷದ ಆ ಕೆಲಸ ಕೆಡಲು ಒಂದು ಬೂಟುಗಾಲು ಸಾಕು. ಹೆಡ್‌ಸೆಟ್ ತೊಟ್ಟು ಅವುಗಳ ನಡುವೆ ನಿಂತಾಗ, ಅಲ್ಲಿ ಯಾರೂ ಕಾಲಿಡದಿರಲಿ ಎಂದು ಜೀವ ಹಾರೈಸುತ್ತದೆ. ನೋಡುವ ಆಸೆಯೂ ಇದೆ, ಅದು ಹಾಗೇ ಉಳಿಯಲೆಂಬ ಆಸೆಯೂ ಇದೆ. ಇವೆರಡನ್ನೂ ಒಟ್ಟಿಗೆ ಹುಟ್ಟಿಸಬಲ್ಲ ಚಿತ್ರವೇ ನನ್ನ ಮಟ್ಟಿಗೆ ಒಳ್ಳೆಯ ವಿಆರ್. ಜನರಿಲ್ಲದ ಕಡಲತೀರವನ್ನಷ್ಟೇ ತೋರಿಸಿ "ಬನ್ನಿ ಬನ್ನಿ" ಎಂದು ಕರೆಯುವ ಜಾಹೀರಾತುಗಳು ಮಾಡುವುದು ಕೇಡೇ. ಆ ತೀರಕ್ಕೆ ಎಷ್ಟು ಜನರನ್ನು ತಾಳುವ ಶಕ್ತಿಯಿದೆ ಎಂದು ಅವು ಹೇಳುವುದೇ ಇಲ್ಲ.

ಸಾನ್ ಡೂಂಗ್‌ಗೆ ವರ್ಷಕ್ಕೆ ಸುಮಾರು 1,000 ಪ್ರವಾಸಿಗರಿಗಷ್ಟೇ ಅವಕಾಶ. ಸಣ್ಣ ಸಣ್ಣ ತಂಡ, ಜೊತೆಗೆ ಮಾರ್ಗದರ್ಶಕರು, ಹೊರೆ ಹೊರುವ ಊರವರು. ಕಾಡು ದಾಟಿ, ಹೊಳೆ ಹಾಯ್ದು, ಹಗ್ಗ ಹಿಡಿದೇ ಒಳಗಿಳಿಯಬೇಕು. ಈ ಬೆವರನ್ನೂ, ಸರದಿಗಾಗಿ ಕಾಯುವುದನ್ನೂ ಹೆಡ್‌ಸೆಟ್ ತೋರಿಸುವಂತಾಗಬೇಕು. ಅಕ್ಕಿ, ಡೇರೆ, ಹಗ್ಗಗಳನ್ನು ಬೆನ್ನಿಗೇರಿಸಿ ಮುಂದೆ ನಡೆಯುವವರನ್ನೂ ತೋರಿಸಬೇಕು. ಒಂದು ಕಾಲಕ್ಕೆ ಮರಕ್ಕಾಗಿ, ಬೇಟೆಗಾಗಿ ಇದೇ ಕಾಡು ಹೊಕ್ಕವರೂ ಅವರಲ್ಲಿದ್ದಾರೆ. ಈಗ ಅವರ ಮನೆಯ ಒಲೆ ಉರಿಯುವುದು ಈ ಗವಿಯಿಂದ.