ಗುಂಗುರು ಕೂದಲು: ಕತ್ತರಿ ಬೇಡ, ಆರೈಕೆ ಬೇಕು

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿಯೂ ನೆರೆಯ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿಯೂ ಸಿದ್ದಿ ಸಮುದಾಯದವರು ತಲೆಮಾರುಗಳಿಂದ ನೆಲೆಸಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟ ಅನೇಕರು ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಅವರಲ್ಲಿ ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಊರು ಬಿಟ್ಟು ಶಾಲೆ, ಹಾಸ್ಟೆಲ್ ಸೇರುವ ಸಿದ್ದಿ ಹೆಣ್ಣುಮಕ್ಕಳಿಗೆ ಮೊದಲು ಎದುರಾಗುವ ಕಷ್ಟಗಳಲ್ಲಿ ತಲೆಗೂದಲಿನದೂ ಒಂದು. ಜೊತೆಯವರು ನಗುತ್ತಾರೆ. ಬಾಚಲು ಬರುವುದಿಲ್ಲವೆಂದು ದೊಡ್ಡವರು ಕತ್ತರಿ ಹಿಡಿಯುತ್ತಾರೆ. ಆದರೆ ಆ ಕೂದಲಿನಲ್ಲಿ ದೋಷವೇನೂ ಇಲ್ಲ. ಅದರ ಗುಣ ಬೇರೆ, ಆರೈಕೆಯೂ ಬೇರೆ.

ನೆಟ್ಟಗಿನ ಕೂದಲಿನಲ್ಲಿ ನೆತ್ತಿಯ ಸಹಜ ಎಣ್ಣೆ ಬುಡದಿಂದ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಸುರುಳಿ ಕೂದಲಿನಲ್ಲಿ ಅದು ತುದಿ ತಲುಪುವುದು ಕಷ್ಟ. ಆದ್ದರಿಂದ ಕೂದಲು ಬೇಗ ಒಣಗುತ್ತದೆ, ಒಣಗಿದ್ದು ತಿರುವಿನಲ್ಲಿ ಮುರಿಯುತ್ತದೆ. ಸುರುಳಿ ಮುದುಡುವುದರಿಂದ ಉದ್ದ ಕೂದಲೂ ಗಿಡ್ಡವಾಗಿ ಕಾಣುತ್ತದೆ. ಬೆಳೆಯುತ್ತಿಲ್ಲ ಎಂದು ತಿಳಿಯಬಾರದು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು:

1. ವಾರಕ್ಕೊಮ್ಮೆ ತಲೆ ತೊಳೆದರೆ ಸಾಕು. ತೊಳೆಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿರಿ. ಅದು ಕೂದಲಿನ ಒಳಗೆ ಇಳಿದು, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ.

2. ಮೈ ಸಾಬೂನು ಬೇಡ. ಗಡಸು ನೀರಿನಲ್ಲಿ ಅದರ ಜಿಡ್ಡು ಕೂದಲಿಗೆ ಅಂಟುತ್ತದೆ. ಸೌಮ್ಯ ಶಾಂಪೂ ಆಗಬಹುದು. ಸೀಗೆಕಾಯಿ ಬಳಸುವುದಾದರೆ ಬಟ್ಟೆಯಲ್ಲಿ ಸೋಸಿರಿ, ಇಲ್ಲವಾದರೆ ಪುಡಿ ಸುರುಳಿಯೊಳಗೆ ಉಳಿಯುತ್ತದೆ.

3. ಒಣ ಕೂದಲನ್ನು ಬಾಚಬೇಡಿರಿ. ಒದ್ದೆ ಇರುವಾಗಲೇ ಕಂಡೀಶನರ್ ಅಥವಾ ದಾಸವಾಳ ಎಲೆಯ ಲೋಳೆ ಹಚ್ಚಿ, ತಲೆಯನ್ನು ನಾಲ್ಕು ಭಾಗ ಮಾಡಿ, ಅಗಲ ಹಲ್ಲಿನ ಹಣಿಗೆಯಿಂದ ಬಿಡಿಸಿರಿ. ಮೊದಲು ತುದಿ, ನಂತರ ನಡು, ಕೊನೆಗೆ ಬುಡ.

4. ಟವೆಲ್‌ನಿಂದ ಉಜ್ಜದೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ತೇವವಿರುವಾಗಲೇ ಸ್ವಲ್ಪ ಎಣ್ಣೆ ಸವರಿ ಸಡಿಲವಾಗಿ ಹೆರಳು ಹಾಕಿರಿ. ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಉದುರುತ್ತದೆ. ವರ್ಷಗಟ್ಟಲೆ ಹೀಗಾದರೆ ಅದು ಮತ್ತೆ ಬರದಿರಬಹುದು.

5. ಮಲಗುವಾಗ ನುಣುಪಾದ ಬಟ್ಟೆ ಕಟ್ಟಿಕೊಂಡರೆ ಕೂದಲು ಸಿಕ್ಕಾಗುವುದಿಲ್ಲ.

ಹೇನು ಬಂದಿದೆ ಎಂಬ ಕಾರಣಕ್ಕೆ ತಲೆ ಬೋಳಿಸುವ ಅಗತ್ಯವಿಲ್ಲ. ಹೇನು ಬರುವುದು ತಲೆಗೆ ತಲೆ ತಾಗುವುದರಿಂದ, ಗುಂಗುರಿನಿಂದಲ್ಲ. ಒದ್ದೆ ಕೂದಲಿಗೆ ಕಂಡೀಶನರ್ ಹಚ್ಚಿ, ಭಾಗ ಭಾಗವಾಗಿ ಸೀರಣಿಗೆಯಿಂದ ತೆಗೆಯಬಹುದು. ವೈದ್ಯರನ್ನು ಕೇಳಿ ಔಷಧಿಯನ್ನೂ ಹಚ್ಚಬಹುದು.

ಪೇಟೆಯ ಪಾರ್ಲರುಗಳಲ್ಲಿ ಕೂದಲು ನೆಟ್ಟಗೆ ಮಾಡಿಸಿಕೊಳ್ಳುವ ಆಸೆ ಯುವತಿಯರಲ್ಲಿ ಸಹಜ. ಆದರೆ ಆ ರಾಸಾಯನಿಕಗಳಿಂದ ನೆತ್ತಿ ಸುಡಬಹುದು. ಕೆಲವು ಬಗೆಗಳಿಂದ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲವೂ ಹೊರಬರುತ್ತದೆ. ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಇಂಥವನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗಿಂತ ಹೆಚ್ಚು ಕಂಡುಬಂದಿತು. ಅದೇ ಕಾರಣವೆಂದು ಇನ್ನೂ ಸಾಬೀತಾಗಿಲ್ಲವಾದರೂ ಎಚ್ಚರ ಒಳ್ಳೆಯದು.

ಹಾಸ್ಟೆಲ್ ನಡೆಸುವ ಸಿಸ್ಟರುಗಳು, ವಾರ್ಡನ್‌ಗಳು, ಶಿಕ್ಷಕರು ಒಂದು ಅಗಲ ಹಣಿಗೆ, ಒಂದು ಬಾಟಲಿ ಎಣ್ಣೆ, ವಾರಕ್ಕೊಂದು ಗಂಟೆ ಸಮಯ ಒದಗಿಸಿದರೆ ಹೆಚ್ಚಿನ ಕೆಲಸ ಆದಂತೆಯೇ. ಕೂದಲು ಕತ್ತರಿಸುವ ಮೊದಲು ಮಗುವನ್ನೂ ತಾಯಿಯನ್ನೂ ಕೇಳಿರಿ. ಆ ಕೂದಲನ್ನು ಹೇಗೆ ಬಿಡಿಸಿ ಹೆಣೆಯಬೇಕೆಂಬುದು ನಮಗಿಂತ ಆ ತಾಯಿಗೆ ಚೆನ್ನಾಗಿ ಗೊತ್ತಿರುತ್ತದೆ.