ಹೊಸ ಕಂಪ್ಯೂಟರು ಪದೇ ಪದೇ ನಿಂತುಹೋದರೆ

ಆಟಗಳಿಗೆಂದು ಕಂಪ್ಯೂಟರನ್ನು ಸಿದ್ಧವಾಗಿ ಕೊಳ್ಳದೆ, ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸುವ ಹವ್ಯಾಸವು ನಮ್ಮ ತರುಣರಲ್ಲಿ ಬೆಳೆಯುತ್ತಲಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪೆಟ್ಟಿಗೆಗಳನ್ನು ಹೊತ್ತ ಮಗನೂ ಚೀಟಿಯನ್ನು ಹಿಡಿದ ತಂದೆಯೂ ಅಂಗಡಿಯಿಂದ ಅಂಗಡಿಗೆ ಅಲೆಯುವುದನ್ನು ವಾಚಕರು ಕಂಡಿರಬಹುದು. ಇಂತಹ ಯಂತ್ರಕ್ಕೆ ಲಕ್ಷ ರೂಪಾಯಿಗಳು ವೆಚ್ಚವಾಗುವುದು ಅಪರೂಪವಲ್ಲ. ಅಷ್ಟು ಹಣ ನುಂಗಿದ ಯಂತ್ರವು ಆಟದ ನಡುವೆ ನಿಂತುಹೋದರೆ, ಅಂಗಡಿಯವನು ಆಟದ ದೋಷವೆನ್ನುವನು, ಆಟದವರು ಯಂತ್ರದ ದೋಷವೆನ್ನುವರು, ಮನೆಯವರು ಹುಡುಗನ ದೋಷವೆನ್ನುವರು. ಈ ವಾದದಲ್ಲಿಯೇ ವಸ್ತುವನ್ನು ಹಿಂದಿರುಗಿಸುವ ಗಡುವು ಮುಗಿದುಹೋಗುವುದುಂಟು.

ಯಂತ್ರವು ಹೇಗೆ ನಿಂತಿತೆಂಬುದನ್ನು ಮೊದಲು ಗಮನಿಸತಕ್ಕದ್ದು. ದೀಪವಾರಿದಂತೆ ಥಟ್ಟನೆ ಆರಿಹೋದರೆ ವಿದ್ಯುತ್ತನ್ನೂ ಶಾಖವನ್ನೂ ಶಂಕಿಸಬೇಕು. ನೀಲಿ ಪರದೆ ಬಂದು, ಪ್ರತಿಸಲವೂ ಬೇರೆ ಬೇರೆ ಸಂಕೇತಗಳನ್ನು ತೋರಿದರೆ ರ‍್ಯಾಮಿನ ಮೇಲೆ ಸಂಶಯ ಹೆಚ್ಚು. ಪರದೆ ಕಪ್ಪಾಗಿ ಧ್ವನಿ ಮಾತ್ರ ಕೇಳುತ್ತಿದ್ದರೆ ಗ್ರಾಫಿಕ್ಸ್ ಕಾರ್ಡನ್ನೋ ಅದರ ಡ್ರೈವರನ್ನೋ ನೋಡಬೇಕು. ವಿಂಡೋಸಿನ ದಾಖಲೆಯಲ್ಲಿ ಕಾಣುವ ‘ಕರ್ನಲ್-ಪವರ್ ೪೧’ ಎಂಬ ಸಾಲನ್ನು ಓದಿ, ಎಸ್.ಎಂ.ಪಿ.ಎಸ್. ಕೆಟ್ಟಿತೆಂದು ಹೊಸತನ್ನು ಕೊಂಡವರು ಹಲವರು. ಕ್ರಮವಾಗಿ ಮುಚ್ಚದೆ ಯಂತ್ರವು ನಿಂತಿತೆಂಬುದಷ್ಟೇ ಅದರ ಅರ್ಥ. ಕಾರಣವನ್ನು ಆ ಸಾಲು ಹೇಳುವುದಿಲ್ಲ.

ನಮ್ಮ ಮಟ್ಟಿಗೆ ಪರೀಕ್ಷೆಯನ್ನು ರ‍್ಯಾಮಿನಿಂದಲೇ ಆರಂಭಿಸುವುದು ಮೇಲು. ಅದಕ್ಕೆ ಕಾಸಿನ ವೆಚ್ಚವೂ ಇಲ್ಲ. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ವೇಗವು ತಾನಾಗಿ ದೊರೆಯತಕ್ಕದ್ದಲ್ಲ. ಬಯಾಸಿನಲ್ಲಿ ಎಕ್ಸ್.ಎಂ.ಪಿ. ಅಥವಾ ಎಕ್ಸ್‌ಪೋ ಎಂಬ ಏರ್ಪಾಟನ್ನು ತೆರೆದಾಗ ಮಾತ್ರ ಅದು ಬರುವುದು. ಹಾಗೆ ಬಂದ ವೇಗವು ಅನೇಕ ವೇಳೆ ಪ್ರೊಸೆಸರಿನ ತಯಾರಕರು ಒಪ್ಪಿಕೊಂಡ ಮಿತಿಯನ್ನು ಮೀರಿರುವುದು. ನಾಲ್ಕು ಕಿಂಡಿಗಳ ಮದರ್‌ಬೋರ್ಡಿನಲ್ಲಿ ಎರಡು ಪಟ್ಟಿಗಳನ್ನು ಹಾಕುವಾಗ, ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗಳಲ್ಲಿ ಕೂರಿಸಬೇಕು. ನಾಲ್ಕನ್ನೂ ತುಂಬಿದರೆ ಅದೇ ವೇಗವನ್ನು ತಾಳುವುದು ಯಂತ್ರಕ್ಕೆ ಕಷ್ಟ. ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಎರಡು ಬಾರಿ ಅಂಗಡಿಗೆ ಹೊತ್ತೊಯ್ದ ಮೇಲೆ, ಎರಡು ಪಟ್ಟಿಗಳೂ ಪಕ್ಕಪಕ್ಕದ ಕಿಂಡಿಗಳಲ್ಲಿ ಕುಳಿತಿದ್ದುದು ಕಂಡುಬಂದಿತು. ಅವನ್ನು ಸರಿಯಾದ ಕಿಂಡಿಗಳಿಗೆ ಬದಲಿಸಿದ ಮೇಲೆ ತೊಂದರೆ ನಿಂತಿತು. ಮಗನು ತಂದೆಯಿಂದ ಕೇಳಿದ್ದ ಮಾತುಗಳನ್ನು ಹಿಂತೆಗೆದುಕೊಳ್ಳುವವರು ಯಾರು?

ಆ ಏರ್ಪಾಟನ್ನು ಮುಚ್ಚಿ ಎರಡು ದಿನ ಆಡಿ ನೋಡಿ. ತೊಂದರೆ ನಿಂತರೆ ಮೂಲವು ಅಲ್ಲಿಯೇ ಇರುವ ಸಂಭವ ಹೆಚ್ಚು. ನಿಲ್ಲದಿದ್ದರೆ ಮೆಮ್‌ಟೆಸ್ಟ್೮೬ ಎಂಬ ಸಾಧನವನ್ನು ಪೆನ್ ಡ್ರೈವಿನಲ್ಲಿಟ್ಟು ರಾತ್ರಿಯೆಲ್ಲ ಓಡಿಸಿ, ಬಳಿಕ ಒಂದೊಂದೇ ಪಟ್ಟಿಯಿಂದ ಯಂತ್ರವನ್ನು ನಡೆಸತಕ್ಕದ್ದು. ಒಂದೇ ಒಂದು ತಪ್ಪು ಕಂಡರೂ ಅದನ್ನು ಅಲ್ಪವೆಂದು ಬಿಡಲಾಗದು. ಇನ್ನೊಂದು ಮಾತು: ಡಿ.ಡಿ.ಆರ್.೫ ಪಟ್ಟಿಗಳಿರುವ ಯಂತ್ರವು ಮೊದಲ ಸಲ ಕೆಲವು ನಿಮಿಷ ಪರದೆಯಲ್ಲಿ ಏನನ್ನೂ ತೋರಿಸದಿರಬಹುದು. ಅದು ರ‍್ಯಾಮನ್ನು ಹೊಂದಿಸಿಕೊಳ್ಳುತ್ತಿರುವ ಸಮಯ. ಗಾಬರಿಯಿಂದ ವಯರನ್ನು ಕೀಳಬಾರದು.

ಶಾಖ, ವಿದ್ಯುತ್ತುಗಳ ಪರೀಕ್ಷೆ ಸುಲಭ. ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಜೋಡಿಸಿರುವುದುಂಟು. ಆಗ ಪ್ರೊಸೆಸರು ಬಲುಬೇಗ ೧೦೦ ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರುವುದು. ಗ್ರಾಫಿಕ್ಸ್ ಕಾರ್ಡಿನ ಕೇಬಲು ಕೊನೆಯವರೆಗೂ ಕುಳಿತಿರಬೇಕು. ಅರೆಬರೆಯಾಗಿ ಕುಳಿತ ಕೇಬಲು ಕರಗಿರುವ ಸಂದರ್ಭಗಳೂ ಇವೆ. ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ನರಿಗೆ ತೋರಿಸುವುದು ಒಳ್ಳೆಯದು.

ಇಷ್ಟಾದರೂ ತೊಂದರೆ ಬಿಡದಿದ್ದರೆ ಪ್ರೊಸೆಸರಿನ ಕಡೆಗೆ ತಿರುಗಬೇಕು. ಪ್ರೊಸೆಸರು ಕೆಡುವುದು ಅತಿ ವಿರಳವೆಂದು ತಿಳಿದವರೆಲ್ಲ ಹೇಳುತ್ತಿದ್ದರು. ಇಂಟೆಲ್ ಸಂಸ್ಥೆಯು ೨೦೨೨ ಮತ್ತು ೨೦೨೩ರಲ್ಲಿ ಹೊರತಂದ ೧೩ನೆಯ ಮತ್ತು ೧೪ನೆಯ ಪೀಳಿಗೆಯ ಪ್ರಬಲ ಡೆಸ್ಕ್‌ಟಾಪ್ ಪ್ರೊಸೆಸರುಗಳು ಆ ನಂಬಿಕೆಯನ್ನು ಅಲುಗಿಸಿದುವು. ಅವನ್ನು ಹೊಂದಿದ ಯಂತ್ರಗಳಲ್ಲಿ ಆಟಗಳು ಮಧ್ಯದಲ್ಲಿಯೇ ಮುಚ್ಚಿಕೊಳ್ಳುತ್ತಿದ್ದುವು. ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇಕಾದಷ್ಟು ಸ್ಥಳವಿದ್ದರೂ ಅದು ಸಾಲದೆಂಬ ಸಂದೇಶ ಬರುತ್ತಿತ್ತು; ಜನರು ನಿರಪರಾಧಿಯಾದ ಕಾರ್ಡನ್ನು ಬದಲಾಯಿಸುತ್ತಿದ್ದರು. ೨೦೨೪ರ ಜುಲೈಯಲ್ಲಿ ಸಂಸ್ಥೆಯು, ಪ್ರೊಸೆಸರಿನೊಳಗಿನ ಮೈಕ್ರೋಕೋಡು ತಪ್ಪಾಗಿ ಹೆಚ್ಚು ವೋಲ್ಟೇಜನ್ನು ಕೇಳುತ್ತಿತ್ತೆಂದು ತಿಳಿಸಿತು. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ತಿದ್ದುಪಡಿಗಳನ್ನು ಹೊರಡಿಸಿ, ಪೆಟ್ಟಿಗೆಯಲ್ಲಿ ಮಾರಿದ ಆ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿಯು ಮುಂದಿನ ಹಾನಿಯನ್ನು ತಡೆಯುವುದಕ್ಕೇ ಹೊರತು, ಆಗಲೇ ಸವೆದ ಪ್ರೊಸೆಸರನ್ನು ಗುಣಪಡಿಸಲಾರದು. ಆದುದರಿಂದ ಅಂಥ ಪ್ರೊಸೆಸರನ್ನು ಇಂದು ಕೊಂಡವರು ಆಟವನ್ನು ತೆರೆಯುವ ಮುನ್ನವೇ ಬಯಾಸನ್ನು ನವೀಕರಿಸತಕ್ಕದ್ದು; ಈಗಾಗಲೇ ತೊಂದರೆಯಲ್ಲಿರುವವರು ವಾರಂಟಿಯಲ್ಲಿ ಬದಲು ಪ್ರೊಸೆಸರನ್ನು ಕೇಳತಕ್ಕದ್ದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ದಿನಾಂಕದೊಡನೆ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ‘ಆಗಾಗ ಹ್ಯಾಂಗ್ ಆಗುತ್ತದೆ’ ಎಂಬ ದೂರಿಗಿಂತ ಎಂಟು ದಿನಗಳ ಅಂತಹ ಬರಹಕ್ಕೆ ಅಂಗಡಿಯಲ್ಲಿ ಹೆಚ್ಚಿನ ಬೆಲೆಯುಂಟು. ರಸೀದಿಯನ್ನೂ ಪೆಟ್ಟಿಗೆಗಳನ್ನೂ ಎಸೆಯಬೇಡಿ. ಮದರ್‌ಬೋರ್ಡನ್ನು ಹಿಂದಿರುಗಿಸುವಾಗ ಪ್ರೊಸೆಸರು ಕೂರುವ ಜಾಗಕ್ಕೆ ಅದರ ಪ್ಲಾಸ್ಟಿಕ್ ಮುಚ್ಚಳವನ್ನು ಮರಳಿ ಹಾಕಿರಿ. ಅಲ್ಲಿನ ಒಂದು ಸೂಕ್ಷ್ಮ ಪಿನ್ನು ಬಾಗಿದ್ದರೂ ವಾರಂಟಿಯನ್ನು ನಿರಾಕರಿಸಲು ಅದೊಂದು ನೆಪವಾಗುವುದು.